ಜೋನ್ಸ್ ಯಾರ ಮಗ? ವೇಲ್ಸಿನ ಹೆಸರುಗಳನ್ನು ಬಿಡಿಸಿ ಓದುವ ಬಗೆ

ಇಂಗ್ಲೆಂಡನ್ನು 1485ರಿಂದ 1603ರವರೆಗೆ ಆಳಿದ ಮನೆತನಕ್ಕೆ ಟ್ಯೂಡರ್ ಎಂಬ ಹೆಸರು ಅಂಟಿಕೊಂಡದ್ದು ಒಂದು ತಲೆಮಾರು ಲೆಕ್ಕ ತಪ್ಪಿ. ಆ ವಂಶದ ಮೂಲಪುರುಷ ವೇಲ್ಸಿನವನು, ಹೆಸರು ಓವೈನ್ ಅಪ್ ಮರೆಡಿದ್ ಅಪ್ ಟಿಡಿರ್. ಟಿಡಿರನ ಮಗ ಮರೆಡಿದ್, ಮರೆಡಿದನ ಮಗ ಓವೈನ್ ಎಂದು ಅದರ ಅರ್ಥ. ಐದನೇ ಹೆನ್ರಿಯ ವಿಧವೆ ಕ್ಯಾಥರೀನ್ ರಾಣಿಯನ್ನು ಗುಟ್ಟಾಗಿ ಮದುವೆಯಾದ ಇವನ ಹೆಸರನ್ನು ಇಂಗ್ಲಿಷ್ ಗುಮಾಸ್ತರು ಕೆಲವೆಡೆ ಓವೆನ್ ಮೆರೆಡಿತ್ ಎಂದೂ ಕೆಲವೆಡೆ ಓವೆನ್ ಟ್ಯೂಡರ್ ಎಂದೂ ಬರೆದರು. ಉಳಿದದ್ದು ಎರಡನೆಯದು, ಅಂದರೆ ಅಜ್ಜನ ಹೆಸರು. 1461ರಲ್ಲಿ ಹೆರೆಫರ್ಡ್ ಪೇಟೆಯಲ್ಲಿ ಓವೈನನ ತಲೆ ಹೋಯಿತು. 1485ರಲ್ಲಿ ಅವನ ಮೊಮ್ಮಗ ಹೆನ್ರಿ ಬಾಸ್‌ವರ್ತ್ ಕಾಳಗ ಗೆದ್ದು ದೊರೆಯಾದ. ಗುಮಾಸ್ತ ಅಪ್ಪನ ಹೆಸರನ್ನೇ ಹಿಡಿದಿದ್ದರೆ ಎಂಟನೇ ಹೆನ್ರಿಯೂ ಒಂದನೇ ಎಲಿಜಬೆತಳೂ ಮೆರೆಡಿತ್ ವಂಶದವರಾಗಿರುತ್ತಿದ್ದರು.

ವೇಲ್ಸಿನ ಪ್ರಸಿದ್ಧರ ಬದುಕನ್ನು ಓದಲು ಹೊರಟವರು ಮೊದಲು ಎಡವುವುದು ಇಲ್ಲಿಯೇ. ಒಬ್ಬನಿಗೇ ಮೂರು ಹೆಸರು, ಒಂದೇ ಹೆಸರಿನವರು ನೂರಾರು. ಹೆಸರು ಕಟ್ಟುವ ವಿಧಾನ ಗೊತ್ತಾದರೆ ಸಾವಿರ ವರ್ಷಗಳ ಜನರನ್ನು ಗೊಂದಲವಿಲ್ಲದೆ ಗುರುತಿಸಬಹುದು.

ಅಪ್ ಎಂದರೆ ಅಪ್ಪ ಅಲ್ಲ

ಕನ್ನಡದ ಕಿವಿಗೆ ಮೋಸ ಮಾಡುವ ಪದವಿದು. ‘ಅಪ್’ ಎಂದರೆ ಮಗ. ‘ಮಾಬ್’ ಎಂಬ ಪದ ಹೆಸರುಗಳ ನಡುವೆ ಸಿಕ್ಕಿ ಸವೆದು ‘ಅಬ್’, ‘ಅಪ್’ ಆಯಿತು. ಸ್ಕಾಟ್‌ಲೆಂಡಿನ ‘ಮ್ಯಾಕ್’ ಇದರ ದಾಯಾದಿ. ಮುಂದಿನ ಹೆಸರು ಸ್ವರದಿಂದ ಶುರುವಾದರೆ ಅಬ್, ವ್ಯಂಜನದಿಂದ ಶುರುವಾದರೆ ಅಪ್. ಹೆಣ್ಣಾದರೆ ‘ವೆರ್ಖ್’, ಮಗಳು. ಮದುವೆಯಾದ ಮೇಲೂ ಹೆಣ್ಣು ತಂದೆಯ ಮಗಳಾಗಿಯೇ ಉಳಿಯುತ್ತಿದ್ದಳು, ಗಂಡನ ಹೆಸರು ಹಚ್ಚಿಕೊಳ್ಳುವ ಪದ್ಧತಿ ಇರಲಿಲ್ಲ. 1136ರಲ್ಲಿ ಕಿಡ್ವೆಲಿ ಕೋಟೆಯ ಬಳಿ ನಾರ್ಮನ್ನರ ಎದುರು ಸೈನ್ಯ ನಡೆಸಿ ಸತ್ತ ಗ್ವೆನ್‌ಲ್ಹಿಯನ್ ಇತಿಹಾಸದಲ್ಲಿ ಗ್ವೆನ್‌ಲ್ಹಿಯನ್ ವೆರ್ಖ್ ಗ್ರಿಫಿದ್. ಆ ಗ್ರಿಫಿದ್ ಅವಳ ತಂದೆ, ಉತ್ತರ ವೇಲ್ಸಿನ ದೊರೆ. ಅವಳ ಗಂಡನೂ ಗ್ರಿಫಿದ್ ಎಂಬುವನೇ ಆಗಿದ್ದರಿಂದ ಅವಸರದಲ್ಲಿ ಓದಿದವರು ಇದು ಗಂಡನ ಹೆಸರೆಂದು ತಿಳಿಯುವುದುಂಟು.

ಅವಳ ಮಗ ರೀಸ್ ದಕ್ಷಿಣ ವೇಲ್ಸಿನ ದೊಡ್ಡ ದೊರೆಯಾದ. 1176ರ ಕ್ರಿಸ್‌ಮಸ್‌ಗೆ ಕಾರ್ಡಿಗನ್ ಕೋಟೆಯಲ್ಲಿ ಕವಿಗಳ, ವಾದ್ಯಗಾರರ ಸ್ಪರ್ಧೆ ನಡೆಸಿ, ಗೆದ್ದವರಿಗೆ ಕುರ್ಚಿ ಕೊಟ್ಟವನು ಇವನೇ; ಇಂದಿಗೂ ನಡೆಯುವ ಐಸ್ಟೆದ್‌ವೊಡ್ ಎಂಬ ಸಾಹಿತ್ಯ-ಸಂಗೀತ ಉತ್ಸವದ ಮೊದಲ ದಾಖಲೆ ಅದು. ಇವನ ಪೂರ್ತಿ ಹೆಸರು ಹೇಳಲು ಉಸಿರು ಬೇಕು: ರೀಸ್ ಅಪ್ ಗ್ರಿಫಿದ್ ಅಪ್ ರೀಸ್ ಅಪ್ ಟೆವ್ಡುರ್ ಅಪ್ ಕಾಡೆಲ್ಹ್ ಅಬ್ ಐನಿಯೊನ್ ಅಬ್ ಓವೈನ್ ಅಪ್ ಹವೆಲ್. ಸಾಮಾನ್ಯ ಜನರೂ ಆರು-ಏಳು ತಲೆಮಾರು ಬಾಯಲ್ಲೇ ಒಪ್ಪಿಸುತ್ತಾರೆ ಎಂದು ಅದೇ ಕಾಲದ ಪಾದ್ರಿ, ಪ್ರವಾಸಿ ಜೆರಾಲ್ಡ್ ಆಫ್ ವೇಲ್ಸ್ ಬರೆದಿಟ್ಟಿದ್ದಾನೆ.

ಇದನ್ನು ವಂಶದ ಜಂಬ ಎಂದು ತಳ್ಳಿಹಾಕುವಂತಿಲ್ಲ. ಇದು ಪಹಣಿ ಪತ್ರ. ರೀಸನ ಸರಪಳಿಯ ಕೊನೆಯಲ್ಲಿರುವ ಹವೆಲ್, ಅಂದರೆ ಸುಮಾರು 950ರಲ್ಲಿ ತೀರಿಕೊಂಡ ‘ಹವೆಲ್ ದಾ’, ಒಳ್ಳೆಯ ಹವೆಲ್. ವೇಲ್ಸಿನ ಹಳೆಯ ಕಾನೂನನ್ನು ಅವನ ಹೆಸರಿನಲ್ಲೇ ಕರೆಯುತ್ತಾರೆ. ಆ ಕಾನೂನಿನಲ್ಲಿ ಅಪ್ಪನ ಜಮೀನು ಹಿರಿಯ ಮಗನೊಬ್ಬನಿಗೆ ಹೋಗುತ್ತಿರಲಿಲ್ಲ, ಗಂಡುಮಕ್ಕಳೆಲ್ಲರಿಗೂ ಸಮಪಾಲು. ಪಾಲು ಮಾಡುವವನು ಕಿರಿಯ, ಮೊದಲು ಆರಿಸಿಕೊಳ್ಳುವವನು ಹಿರಿಯ. ಕೊಯ್ದವನೇ ಮೊದಲ ಹೋಳು ಎತ್ತಿಕೊಂಡರೆ ಏನಾಗುತ್ತದೆಂದು ಗೊತ್ತಿದ್ದವರು ಮಾಡಿದ ನಿಯಮ. ಅಣ್ಣತಮ್ಮಂದಿರು ಸತ್ತ ಮೇಲೆ ಅವರ ಮಕ್ಕಳ ನಡುವೆ, ಆ ಬಳಿಕ ಮೊಮ್ಮಕ್ಕಳ ನಡುವೆ ಮರುಹಂಚಿಕೆ ಕೇಳಬಹುದಿತ್ತು. ಹಾಗೆ ಕೇಳಬೇಕಾದರೆ ಮುತ್ತಜ್ಜನವರೆಗೆ ಹೆಸರು ಗೊತ್ತಿರಬೇಕು. ಮೂರು ‘ಅಪ್’ ಇರುವ ಹೆಸರು ಎಂದರೆ ಮೂರು ಸಾಲಿನ ಹಕ್ಕುಪತ್ರ. ಕೊಲೆಯಾದಾಗ ಕೊಡಬೇಕಾದ ರಕ್ತಪರಿಹಾರವನ್ನೂ ಕೊಂದವನೊಬ್ಬನೇ ಕಟ್ಟುತ್ತಿರಲಿಲ್ಲ, ಅವನ ಬಂಧುಬಳಗವೂ ಕಟ್ಟಬೇಕಿತ್ತು. ಬಳಗದ ಹೊರೆಯಲ್ಲಿ ತಂದೆಯ ಕಡೆಯವರದು ಮೂರರಲ್ಲಿ ಎರಡು ಪಾಲು, ತಾಯಿಯ ಕಡೆಯವರದು ಒಂದು. ಯಾರು ಯಾರ ಮಗ ಎಂಬುದು ನೇರವಾಗಿ ದುಡ್ಡಿನ ಪ್ರಶ್ನೆ.

ಓದುವಾಗ ನಾಲಿಗೆ ತಿರುಗಿಸಬೇಕಾದ ಕಡೆ

ಇಂಗ್ಲಿಷ್ ಅಕ್ಷರಗಳೇ ಆದರೂ ವೆಲ್ಷ್ ಓದು ಬೇರೆ. ಒಂಟಿ ಎಫ್ ಇದ್ದರೆ ‘ವ’, ಜೋಡಿ ಎಫ್ ಇದ್ದರೆ ‘ಫ’. ಒಂಟಿ ಡಿ ‘ಡ’, ಜೋಡಿ ಡಿ ಹೆಚ್ಚುಕಡಿಮೆ ನಮ್ಮ ‘ದ’. ಡಬ್ಲ್ಯೂ ಬಹಳ ಕಡೆ ‘ಉ’ಕಾರ, ಯು ಎಂಬುದು ‘ಇ’ಕಾರಕ್ಕೆ ಹತ್ತಿರ. ಜೋಡಿ ಎಲ್‌ಗೆ ನಮ್ಮಲ್ಲಿ ಅಕ್ಷರವಿಲ್ಲ: ‘ಲ’ ಹೇಳುವಂತೆ ನಾಲಿಗೆಯನ್ನು ಹಲ್ಲಿನ ಹಿಂದೆ ಇಟ್ಟು, ದನಿ ಹೊರಡಿಸದೆ ಪಕ್ಕಗಳಿಂದ ಗಾಳಿ ಬಿಡಬೇಕು. ಇಲ್ಲಿ ಅದನ್ನು ‘ಲ್ಹ’ ಎಂದು ಬರೆದಿದೆ. ಡೇವಿಡ್‌ನ ವೆಲ್ಷ್ ರೂಪವನ್ನು ಇಂಗ್ಲಿಷ್ ಕಣ್ಣಿನಿಂದ ಓದಿ ‘ಡಫಿಡ್’ ಎನ್ನುವವರಿದ್ದಾರೆ, ಅದು ‘ಡಾವಿದ್’.

ಇದಕ್ಕಿಂತ ಹೆಚ್ಚು ಕಾಡುವುದು ಪದದ ಮೊದಲ ಅಕ್ಷರವೇ ಬದಲಾಗುವ ವ್ಯಾಕರಣ. ನಮ್ಮ ಆದೇಶಸಂಧಿಯಲ್ಲಿ ಮಳೆ, ಕಾಲ ಸೇರಿ ಮಳೆಗಾಲ ಆಗುವಂತೆ, ಅಲ್ಲಿ ‘ಕೋಖ್’ ಎಂದರೆ ಕೆಂಪು, ಹೆಸರಿನ ಮುಂದೆ ಬಂದಾಗ ‘ಗೋಖ್’. ಕೆಂಪು ಕೂದಲಿನವನಿಗೆ ಬಿದ್ದ ಈ ಅಡ್ಡಹೆಸರೇ ಇಂಗ್ಲಿಷರ ಬಾಯಲ್ಲಿ ‘ಗಾಫ್’ ಆಯಿತು. ‘ಬಖನ್’ ಎಂದರೆ ಸಣ್ಣ. ಅದು ‘ವಖನ್’ ಆಗಿ, ಅಪ್ಪ ಮಗ ಇಬ್ಬರಿಗೂ ಒಂದೇ ಹೆಸರಿದ್ದಾಗ ಮಗನನ್ನು ಸೂಚಿಸುತ್ತಿತ್ತು, ಮುಂದೆ ‘ವಾನ್’ ಎಂಬ ಮನೆತನದ ಹೆಸರಾಯಿತು. ಬೂದು ಬಣ್ಣದ ‘ಲ್ಹುಯ್ಡ್’ ಇಂದಿನ ಲಾಯ್ಡ್. ಹವೆಲ್‌ನ ‘ದಾ’ ಕೂಡ ಮೂಲದಲ್ಲಿ ‘ಡಾ’, ಒಳ್ಳೆಯದು.

ದೊಡ್ಡ ಮನೆತನದವರನ್ನು ಊರಿನಿಂದ ಕರೆಯುವುದೂ ಇತ್ತು. 1400ರ ಸೆಪ್ಟೆಂಬರ್ 16ರಂದು ತನ್ನನ್ನು ವೇಲ್ಸಿನ ರಾಜಕುಮಾರ ಎಂದು ಘೋಷಿಸಿಕೊಂಡು ಇಂಗ್ಲೆಂಡಿನ ವಿರುದ್ಧ ದಂಗೆ ಎದ್ದವನ ಹೆಸರು ಓವೈನ್ ಅಪ್ ಗ್ರಿಫಿದ್. ಜಗತ್ತಿಗೆ ಅವನು ಓವೈನ್ ಗ್ಲಿನ್‌ಡೂರ್. ಗ್ಲಿನ್‌ಡವರ್‌ಡುಯ್ ಎಂಬ ಕಣಿವೆ ಅವನ ಜಹಗೀರು. 1404ರಲ್ಲಿ ಮಖನ್‌ಲ್ಹೆಥ್ ಪಟ್ಟಣದಲ್ಲಿ ಪಾರ್ಲಿಮೆಂಟು ಕರೆದ, 1406ರಲ್ಲಿ ಫ್ರಾನ್ಸಿನ ದೊರೆಗೆ ಬರೆದ ಪತ್ರದಲ್ಲಿ ಉತ್ತರಕ್ಕೊಂದು ದಕ್ಷಿಣಕ್ಕೊಂದು ವಿಶ್ವವಿದ್ಯಾಲಯ ಬೇಕೆಂದ. ದಂಗೆ ಸೋತಿತು, ಅವನು ಸುಮಾರು 1415ರ ಹೊತ್ತಿಗೆ ಕಣ್ಮರೆಯಾದ. ಅಬರಿಸ್ಟ್ವಿತ್ ಎಂಬಲ್ಲಿ ಮೊದಲ ವಿಶ್ವವಿದ್ಯಾಲಯ ಕಾಲೇಜು ತೆರೆದದ್ದು 1872ರಲ್ಲಿ.

ಸರಪಳಿ ತುಂಡಾದದ್ದು

ವಿಪರ್ಯಾಸವೆಂದರೆ ಈ ಹೆಸರಿನ ಪದ್ಧತಿಗೆ ಕೊಡಲಿ ಹಾಕಿದ್ದು ತಪ್ಪು ಹೆಸರಿನ ಆ ಟ್ಯೂಡರ್ ವಂಶವೇ. ಎಂಟನೇ ಹೆನ್ರಿಯ ಕಾಲದ 1536 ಮತ್ತು 1543ರ ಕಾಯಿದೆಗಳು ವೇಲ್ಸನ್ನು ಇಂಗ್ಲೆಂಡಿನ ಆಡಳಿತಕ್ಕೆ ಸೇರಿಸಿದವು. ಕೋರ್ಟಿನ ಭಾಷೆ ಇಂಗ್ಲಿಷ್ ಆಯಿತು, ಇಂಗ್ಲಿಷ್ ಬಾರದವರಿಗೆ ಸರ್ಕಾರಿ ಹುದ್ದೆ ಇಲ್ಲವಾಯಿತು, ಗಂಡುಮಕ್ಕಳಿಗೆಲ್ಲ ಸಮಪಾಲು ಹೋಗಿ ಹಿರಿಯ ಮಗನಿಗೇ ಆಸ್ತಿ ಎಂದಾಯಿತು. ಹೆಸರು ಬದಲಿಸಿ ಎಂದು ಯಾವ ಕಾಯಿದೆಯೂ ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಮುತ್ತಜ್ಜನ ಹೆಸರಿನಿಂದ ಜಮೀನು ಸಿಗುವುದಿಲ್ಲ ಎಂದಾದ ಮೇಲೆ ಅದನ್ನು ಹೊತ್ತು ತಿರುಗುವವರು ಯಾರು? ಕೋರ್ಟಿನ ಗುಮಾಸ್ತನಿಗೂ ಒಂದೇ ಪದದ ಮನೆತನದ ಹೆಸರು ಬೇಕಿತ್ತು. ನ್ಯಾಯಪಂಚರ ಪಟ್ಟಿ ಓದುವಾಗ ಸಾಲುಸಾಲು ‘ಅಪ್’ ಕೇಳಿ ರೋಸಿಹೋದ ರೋಲಂಡ್ ಲೀ ಎಂಬ ಅಧಿಕಾರಿ, ಊರಿನ ಹೆಸರನ್ನೇ ಇಟ್ಟುಕೊಳ್ಳಿ ಎಂದು ಒಬ್ಬ ಜಮೀನುದಾರನಿಗೆ ಹೇಳಿದ, ಮಾಸ್ಟಿನ್ ಮನೆತನ ಹಾಗೆ ಹುಟ್ಟಿತು ಎಂಬ ಕತೆ ಅಲ್ಲಿ ಬಹಳ ಪ್ರಸಿದ್ಧ.

ಪಾಸ್‌ಪೋರ್ಟ್ ಅರ್ಜಿಯ ‘ಸರ್‌ನೇಮ್’ ಕಾಲಂ ಖಾಲಿ ಬಿಡಲಾಗದೆ ಅಪ್ಪನ ಹೆಸರು ತುಂಬಿ, ಪರದೇಶದ ಆಫೀಸಿನಲ್ಲಿ ದಿನವೂ ಅಪ್ಪನ ಹೆಸರಿನಿಂದಲೇ ಕರೆಸಿಕೊಳ್ಳುವ ಕನ್ನಡಿಗರಿಗೆ ಇದು ಹೊಸದೇನಲ್ಲ.

ಗಟ್ಟಿಗೊಂಡ ಹೆಸರುಗಳು ಎರಡು ದಾರಿ ಹಿಡಿದವು. ಒಂದರಲ್ಲಿ ‘ಅಪ್’ ಮುಂದಿನ ಹೆಸರಿಗೆ ಅಂಟಿಕೊಂಡಿತು. ಅಪ್ ಹವೆಲ್ ಪೊವೆಲ್ ಆಯಿತು, ಅಪ್ ಹ್ಯಾರಿ ಪ್ಯಾರಿ, ಅಪ್ ಹ್ಯೂ ಪ್ಯೂ. ಅಪ್ ರೀಸ್ ಪ್ರೈಸ್, ಅಪ್ ರಿಚರ್ಡ್ ಪ್ರಿಚರ್ಡ್, ಅಪ್ ರಾಬರ್ಟ್ ಪ್ರೊಬರ್ಟ್. ಅಬ್ ಓವೆನ್ ಬೊವೆನ್, ಅಬ್ ಈವನ್ ಬೆವನ್, ಅಬ್ ಐನಿಯೊನ್ ಬೈನನ್. ಸೂತ್ರ ಕಾಣುತ್ತದೆ: ‘ಪ’ದಿಂದ ಶುರುವಾಗುವ ವೆಲ್ಷ್ ಹೆಸರಿನೊಳಗೆ ‘ಹ’ ಅಥವಾ ‘ರ’ದ ಹೆಸರು, ‘ಬ’ದಿಂದ ಶುರುವಾದರೆ ಸ್ವರದ ಹೆಸರು ಅಡಗಿರುತ್ತದೆ. ಆದರೆ ಕಣ್ಣು ಮುಚ್ಚಿ ಅನ್ವಯಿಸಬಾರದು; ಫಿಲಿಪ್ಸ್, ಬೆನೆಟ್ ಇದಕ್ಕೆ ಸೇರಿದವಲ್ಲ, ಪೊವೆಲ್ ಕೂಡ ಕೆಲವು ಇಂಗ್ಲಿಷ್ ಮನೆಗಳಲ್ಲಿ ಪಾಲ್ ಎಂಬ ಹೆಸರಿನಿಂದ ಬಂದದ್ದು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು 1948ರ ಜುಲೈ 5ರಂದು ಶುರು ಮಾಡಿದ ಮಂತ್ರಿ, ಟ್ರೆಡೀಗರ್‌ನ ಗಣಿ ಕಾರ್ಮಿಕನ ಮಗ ಅನೈರಿನ್ ಬೆವನ್. ಆ ಹೆಸರಿನೊಳಗೆ ಯಾವುದೋ ಕಾಲದ ಒಬ್ಬ ಈವನ್ ಇದ್ದಾನೆ.

ಇನ್ನೊಂದು ದಾರಿ ಇಂಗ್ಲಿಷಿನದು: ‘ಅಪ್’ ಬಿಟ್ಟು ಕೊನೆಗೆ ‘ಸ್’ ಹಚ್ಚುವುದು. ಜಾನ್‌ನವನು ಜೋನ್ಸ್, ಡೇವಿಡ್‌ನವನು ಡೇವಿಸ್, ಈವನ್‌ನವನು ಇವಾನ್ಸ್, ವಿಲಿಯಂನವನು ವಿಲಿಯಮ್ಸ್. ಇಂಗ್ಲೆಂಡಿನ ಗಡಿಯ ಸೀಮೆಯಲ್ಲಿ ಹೆಸರುಗಳು ಬೇಗ ಗಟ್ಟಿಯಾದವು, ಆದ್ದರಿಂದ ಪೊವೆಲ್, ಪ್ರೈಸ್ ಅಲ್ಲಿ ಹೆಚ್ಚು. ಪಶ್ಚಿಮ ಮತ್ತು ಉತ್ತರದ ಗುಡ್ಡಗಾಡಿನಲ್ಲಿ ಕೂಲಿಕಾರರ, ಸಣ್ಣ ರೈತರ ಮನೆಗಳಲ್ಲಿ ಇದು 18ನೇ ಶತಮಾನ ದಾಟಿ, ಕೆಲವೆಡೆ 19ರ ಆರಂಭದವರೆಗೂ ಎಳೆಯಿತು. ಅಷ್ಟು ಹೊತ್ತಿಗೆ ಹಳೆಯ ವೆಲ್ಷ್ ಹೆಸರುಗಳು ಮೂಲೆಗೆ ಸರಿದು ಗಂಡುಮಕ್ಕಳಿಗೆಲ್ಲ ಜಾನ್, ಡೇವಿಡ್, ವಿಲಿಯಂ, ಥಾಮಸ್ ಎಂದೇ ಇಡುವ ರೂಢಿ ಬಂದಿತ್ತು. ಹೆಸರಿನ ಬುಟ್ಟಿ ಖಾಲಿಯಾದ ಹೊತ್ತಿನಲ್ಲೇ ಮನೆತನದ ಹೆಸರು ನಿಂತದ್ದರಿಂದ ವೇಲ್ಸಿನಲ್ಲಿ ಅತಿ ಹೆಚ್ಚಿನವರು ಜೋನ್ಸ್. ವೆಲ್ಷ್ ವರ್ಣಮಾಲೆಯಲ್ಲಿ ಸಾಂಪ್ರದಾಯಿಕವಾಗಿ ಜೆ ಎಂಬ ಅಕ್ಷರವೇ ಇರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಈ ಸಂಧಿಕಾಲದ ಒಬ್ಬ ವ್ಯಕ್ತಿ ವಿಲಿಯಂ ಮಾರ್ಗನ್. 1545ರಲ್ಲಿ ಪೆನ್‌ಮಖ್ನೊ ಬಳಿ ಹುಟ್ಟಿದ. ಅಪ್ಪನ ಹೆಸರು ಜಾನ್ ಅಪ್ ಮಾರ್ಗನ್. ನಿಂತದ್ದು ಇಲ್ಲಿಯೂ ಅಜ್ಜನ ಹೆಸರು. ಇವನಿಗಿಂತ ಮೊದಲು ವಿಲಿಯಂ ಸಾಲ್ಸ್‌ಬರಿ 1567ರಲ್ಲಿ ಹೊಸ ಒಡಂಬಡಿಕೆಯನ್ನು ವೆಲ್ಷ್‌ಗೆ ತಂದಿದ್ದ. ಆದರೆ ಪದಗಳು ಲ್ಯಾಟಿನ್ನಿನ ಗಾಂಭೀರ್ಯದಲ್ಲಿ ಕಾಣಲಿ ಎಂದು, ಆಡುವುದೊಂದು ಬರೆಯುವುದೊಂದು ಮಾಡಿದ್ದರಿಂದ ಚರ್ಚಿನಲ್ಲಿ ಗಟ್ಟಿಯಾಗಿ ಓದುವವರು ತಡವರಿಸಿದರು. ಮಾರ್ಗನ್ ಉಚ್ಚಾರಣೆಗೆ ತಕ್ಕ ಕಾಗುಣಿತ ಹಿಡಿದು 1588ರಲ್ಲಿ ಪೂರ್ತಿ ಬೈಬಲ್ ಮುದ್ರಿಸಿದ. ಲಂಡನ್ನಿನ ಅಚ್ಚುಮೊಳೆ ಜೋಡಿಸುವವರಿಗೆ ವೆಲ್ಷ್ ಬಾರದು. ಹಾಗಾಗಿ ಕರಡು ತಿದ್ದಲು ಅವನೇ ಲಂಡನ್ನಿಗೆ ಹೋಗಿ ನಿಂತ. ಕೋರ್ಟಿನಿಂದ ಹೊರಬಿದ್ದ ಭಾಷೆ ಉಳಿದುಕೊಂಡದ್ದಕ್ಕೆ ಈ ಪುಸ್ತಕದಷ್ಟು ದೊಡ್ಡ ಕಾರಣ ಇನ್ನೊಂದಿಲ್ಲ.

ಕೊಲ್ಕತ್ತಾಕ್ಕೆ ಬಂದ ಜೋನ್ಸ್‌ಗಳು

ಹೆಸರು ಯಾವ ತಲೆಮಾರಿನಲ್ಲಿ ನಿಂತಿತು ಎಂದು ಕಣ್ಣಾರೆ ನೋಡಬೇಕಾದರೆ ಆಂಗಲ್ಸೀ ದ್ವೀಪದ ಒಂದು ಮನೆ ಸಾಕು. ಅಪ್ಪ ಶಾನ್ ಶೋರ್, ಅಂದರೆ ಜಾರ್ಜನ ಮಗ ಜಾನ್. 1675ರಲ್ಲಿ ಹುಟ್ಟಿದ ಮಗ ವಿಲಿಯಂ, ಹಳೆಯ ರೂಢಿಯಂತೆ ಅಪ್ಪನ ಹೆಸರು ಹಿಡಿದು ವಿಲಿಯಂ ಜೋನ್ಸ್ ಆದ. ವೃತ್ತದ ಸುತ್ತಳತೆಗೂ ವ್ಯಾಸಕ್ಕೂ ಇರುವ ಅನುಪಾತಕ್ಕೆ ‘ಪೈ’ ಎಂಬ ಗ್ರೀಕ್ ಅಕ್ಷರವನ್ನು ಮೊದಲು ಬಳಸಿದ್ದು ಇವನೇ, 1706ರ ಪುಸ್ತಕದಲ್ಲಿ. ಸಮ ಚಿಹ್ನೆಯನ್ನು ತಂದ ರಾಬರ್ಟ್ ರೆಕಾರ್ಡ್ ಕೂಡ ವೇಲ್ಸಿನ ಟೆನ್‌ಬಿಯವನು. ಸಮಾನಾಂತರ ಗೆರೆಗಳಿಗಿಂತ ಹೆಚ್ಚು ಸಮವಾದ ಎರಡು ವಸ್ತು ಇರಲಾರವು ಎಂದು 1557ರಲ್ಲಿ ಕಾರಣ ಬರೆದು, ಮರುವರ್ಷ ಜೈಲಿನಲ್ಲಿ ಸತ್ತ.

ಲಂಡನ್ನಿನಲ್ಲಿ ನೆಲೆಸಿದ ವಿಲಿಯಂ ಜೋನ್ಸ್‌ಗೆ 1746ರಲ್ಲಿ ಮಗ ಹುಟ್ಟಿದ. ಅವನಿಗೂ ವಿಲಿಯಂ ಎಂದೇ ಹೆಸರು. ಹಳೆಯ ಲೆಕ್ಕದಲ್ಲಿ ಅವನು ವಿಲಿಯಂ ವಿಲಿಯಮ್ಸ್ ಆಗಬೇಕಿತ್ತು. ಆಗಲಿಲ್ಲ, ಜೋನ್ಸ್ ಆಗಿಯೇ ಉಳಿದ. ಸರಪಳಿ ನಿಂತದ್ದು ಈ ಕೊಂಡಿಯಲ್ಲಿ. ಮಗನಿಗೆ ಮೂರು ತುಂಬುವ ಮೊದಲೇ ಅಪ್ಪ ತೀರಿಕೊಂಡ. ಮಗನೇ ಕೊಲ್ಕತ್ತಾ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಸರ್ ವಿಲಿಯಂ ಜೋನ್ಸ್. 1784ರಲ್ಲಿ ಏಷ್ಯಾಟಿಕ್ ಸೊಸೈಟಿ ಕಟ್ಟಿ, 1786ರ ಫೆಬ್ರವರಿಯಲ್ಲಿ ಮಾಡಿದ ಭಾಷಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಮೂಲವಿರಬೇಕು, ಕೆಲ್ಟಿಕ್ ಕೂಡ ಅದೇ ಬುಡದಿಂದ ಬಂದಿರಬಹುದು ಎಂದ. ವೆಲ್ಷ್ ಕೆಲ್ಟಿಕ್ ಭಾಷೆ. ಅಲ್ಲಿ ಐದಕ್ಕೆ ಪಿಂಪ್, ಹತ್ತಕ್ಕೆ ಡೇಗ್, ಪಂಚ-ದಶಗಳ ದೂರದ ನೆಂಟರು. ಆದರೂ ತನ್ನದೊಂದನ್ನು ಬಿಟ್ಟು ಎಲ್ಲ ಭಾಷೆ ಬಲ್ಲವನು ಎಂಬ ಚಟಾಕಿ ಅವನ ಮೇಲೆ ಚಾಲ್ತಿಯಲ್ಲಿದೆ, ಅವನಿಗೆ ವೆಲ್ಷ್ ಬರುತ್ತಿರಲಿಲ್ಲ ಎಂಬ ಕಾರಣಕ್ಕೆ. ಕನ್ನಡ, ತಮಿಳು, ತೆಲುಗು ಆ ಬುಡದವಲ್ಲ ಎಂದು ಮದ್ರಾಸಿನ ಎಲಿಸ್ ತೋರಿಸಿದ್ದು 1816ರಲ್ಲಿ.

ಇನ್ನೊಬ್ಬ ಜೋನ್ಸ್‌ಗೆ ಇವನೊಂದಿಗೆ ನೆಂಟಸ್ತಿಕೆಯಿಲ್ಲ. ಬಡಗಿಯ ಮಗ ಥಾಮಸ್ ಜೋನ್ಸ್ 1841ರಲ್ಲಿ ಚಿರಾಪುಂಜಿಗೆ ಬಂದು ಖಾಸಿ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪದ್ಧತಿ ಹಾಕಿಕೊಟ್ಟ ಪಾದ್ರಿ. ಅಕ್ಷರಗಳಿಗೆ ವೆಲ್ಷ್ ಉಚ್ಚಾರಣೆಯನ್ನೇ ಆಧಾರವಾಗಿಟ್ಟುಕೊಂಡ. ವೆಲ್ಷ್ ವರ್ಣಮಾಲೆಯಲ್ಲಿ ‘ಙ’ ಧ್ವನಿಯ ಜೋಡಕ್ಷರ ಜಿ ಆದ ಕೂಡಲೇ ಬರುತ್ತದೆ. ಇಂದಿನ ಖಾಸಿ ವರ್ಣಮಾಲೆಯಲ್ಲೂ ಅದರ ಜಾಗ ಅದೇ.

ದಾಖಲೆಯಲ್ಲಿ ಹುಡುಕುವವರಿಗೆ

ಬೆಟ್ಸಿ ಕಡ್ವಾಲಡರ್ 1789ರಲ್ಲಿ ಬಾಲಾ ಊರಿನ ಬಳಿ ಹುಟ್ಟಿದವಳು, ಡಾವಿದ್ ಕಡ್ವಾಲಡರ್ ಎಂಬ ಬೋಧಕನ ಮಗಳು. ಇಂಗ್ಲೆಂಡಿಗೆ ಕೆಲಸಕ್ಕೆ ಹೋದಾಗ ಆ ಹೆಸರು ಯಾರ ಬಾಯಿಗೂ ಹೊರಳದೆ ಎಲಿಜಬೆತ್ ಡೇವಿಸ್ ಆದಳು. ಸುಮ್ಮನೆ ಆರಿಸಿದ ಹೆಸರಲ್ಲ: ಅಪ್ಪ ಡಾವಿದ್, ಆದ್ದರಿಂದ ಡೇವಿಸ್. ಅರುವತ್ತೈದರ ವಯಸ್ಸಿನಲ್ಲಿ ಕ್ರಿಮಿಯಾ ಯುದ್ಧಕ್ಕೆ ದಾದಿಯಾಗಿ ಹೋಗಿ, ಫ್ಲಾರೆನ್ಸ್ ನೈಟಿಂಗೇಲ್ ಜೊತೆ ಹೊಂದಿಕೆಯಾಗದೆ ಬಾಲಾಕ್ಲಾವಾಕ್ಕೆ ನಡೆದಳು. 1860ರಲ್ಲಿ ಲಂಡನ್ನಿನಲ್ಲಿ ಸತ್ತಾಗ ಬಡವರ ಗುಂಡಿಯೇ ಗತಿಯಾಯಿತು. ಕಲ್ಲು ನೆಟ್ಟದ್ದು 2012ರಲ್ಲಿ. ಇಂದು ಉತ್ತರ ವೇಲ್ಸಿನ ಆಸ್ಪತ್ರೆಗಳನ್ನೆಲ್ಲ ನಡೆಸುವ ಮಂಡಳಿಗೆ ಅವಳ ಹೆಸರಿದೆ, ಕಡ್ವಾಲಡರ್ ಎಂದೇ. ಕ್ರಿಮಿಯಾ ಕಾಲದ ಕಡತದಲ್ಲಿ ಹುಡುಕುವವರು ಡೇವಿಸ್ ಎಂದು ಹುಡುಕಬೇಕು.

ಚರ್ಚಿನ ಹಳೆಯ ರಿಜಿಸ್ಟರಿನಲ್ಲಿಯೂ ಆಗುವುದು ಇದೇ. ದೀಕ್ಷಾಸ್ನಾನದ ಪುಟದಲ್ಲಿ ‘ಜಾನ್ ವಿಲಿಯಂನ ಮಗ ಡೇವಿಡ್’ ಎಂದಿರುತ್ತದೆ. ಮದುವೆಯ ಪುಟದಲ್ಲಿ ಅವನೇ ಡೇವಿಡ್ ಜೋನ್ಸ್. ಅವನ ಮಕ್ಕಳು ಡೇವಿಸ್. ಜೋನ್ಸ್ ಎಂಬ ಹೆಸರನ್ನೇ ಹಿಡಿದು ಹಿಂದಕ್ಕೆ ಹೋದವನು ಬೇರೆ ಯಾರದೋ ಮನೆ ಸೇರುತ್ತಾನೆ. ಆದ್ದರಿಂದ ಮನೆತನದ ಹೆಸರಿಗಿಂತ ಹೊಲಮನೆಯ ಹೆಸರು ನಂಬಿಕಸ್ತ ಗುರುತು. ಆ ಹೆಸರು ಮೂರು ತಲೆಮಾರಿಗೂ ಬದಲಾಗದೆ ಇರುತ್ತದೆ. ಒಂದು ಮದುವೆ ಸಿಕ್ಕರೆ ಸಾಕ್ಷಿಗಳ ಸಹಿ ನೋಡಿ, ಅಣ್ಣತಮ್ಮಂದಿರು ಬೇರೆ ಬೇರೆ ಹೆಸರಿನಲ್ಲಿ ಅಲ್ಲೇ ಸಿಗಬಹುದು. ಹೆಂಗಸಿನ ಮರಣದ ನಮೂದು ಗಂಡನ ಹೆಸರಿನಲ್ಲಿ ಸಿಗದಿದ್ದರೆ ತಂದೆಯ ಹೆಸರಿನಲ್ಲಿ ಹುಡುಕಬೇಕು. 1858ಕ್ಕೆ ಹಿಂದಿನ ಮರಣಶಾಸನಗಳು ಅಬರಿಸ್ಟ್ವಿತ್‌ನಲ್ಲಿರುವ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಉಚಿತ. ಮಕ್ಕಳ ಹೆಸರೆಲ್ಲ ಒಂದೇ ಕಡೆ ಇರುವುದರಿಂದ ಗಂಟು ಬಿಡಿಸಲು ಇವುಗಳಷ್ಟು ಒಳ್ಳೆಯ ಕಾಗದವಿಲ್ಲ. ತಾರೀಖಿನಲ್ಲೂ ಒಂದು ಹೊಂಡವಿದೆ: 1752ಕ್ಕೆ ಮೊದಲು ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1740ರ ಫೆಬ್ರವರಿ ಎಂದು ಬರೆದದ್ದು ನಮ್ಮ ಲೆಕ್ಕದಲ್ಲಿ 1741.

ಗ್ರಂಥಾಲಯದ ಸೂಚಿಯಲ್ಲಿ ಮನೆತನದ ಹೆಸರು ಬರುವ ಮುಂಚಿನವರನ್ನು ಸ್ವಂತ ಹೆಸರಿನ ಕೆಳಗೆ ನೋಡಬೇಕು. 14ನೇ ಶತಮಾನದ ದೊಡ್ಡ ಕವಿ ಡಾವಿದ್ ಅಪ್ ಗ್ವಿಲಿಮ್ ಸಿಗುವುದು ಡಾವಿದ್ ಎಂಬಲ್ಲಿ. ಗ್ವಿಲಿಮ್ ಅವನ ಅಪ್ಪ.

ಎಲ್ಲರೂ ಜೋನ್ಸ್ ಆದ ಮೇಲೆ

ಒಂದು ಊರಿನಲ್ಲಿ ಹತ್ತು ಜಾನ್ ಜೋನ್ಸ್‌ಗಳಿದ್ದರೆ ಕರೆಯುವುದು ಹೇಗೆ? ಕಸುಬಿನಿಂದ, ಮನೆಯಿಂದ. ಹಾಲಿನ ಜೋನ್ಸ್, ಅಂಚೆಯ ಜೋನ್ಸ್. ಕೆಲವರು ತಾಯಿಯ ಕಡೆಯ ಹೆಸರನ್ನು ನಡುವೆ ಸೇರಿಸಿಕೊಂಡರು. ಡೇವಿಡ್ ಲಾಯ್ಡ್ ಜಾರ್ಜ್ 1863ರಲ್ಲಿ ಹುಟ್ಟಿದಾಗ ಅಪ್ಪ ವಿಲಿಯಂ ಜಾರ್ಜ್. ಮರುವರ್ಷವೇ ಅಪ್ಪ ಸತ್ತು, ಸೋದರಮಾವ ರಿಚರ್ಡ್ ಲಾಯ್ಡ್ ಎಂಬ ಚಮ್ಮಾರ ಸಾಕಿ ಓದಿಸಿದ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಹುಡುಗನ ಹೆಸರಿನಲ್ಲಿ ಮಾವ ಮತ್ತು ಅಪ್ಪ ಇಬ್ಬರೂ ಉಳಿದರು.

ಕವಿಗಳ ದಾರಿ ಕಾವ್ಯನಾಮ. ಎಡ್ವರ್ಡ್ ವಿಲಿಯಮ್ಸ್ ಎಂಬ ಕಲ್ಲುಕುಟಿಗ ತನ್ನನ್ನು ಯೋಲೊ ಮೊರ್ಗಾನುಗ್ ಎಂದು ಕರೆದುಕೊಂಡ. ಎಡ್ವರ್ಡ್‌ಗೆ ಸಮನಾದ ವೆಲ್ಷ್ ಹೆಸರು ಯೊರ್ವೆರ್ಥ್, ಅದರ ಮುದ್ದುರೂಪ ಯೋಲೊ, ಮೊರ್ಗಾನುಗ್ ಅವನ ಸೀಮೆ. 1792ರಲ್ಲಿ ಲಂಡನ್ನಿನ ಪ್ರಿಮ್‌ರೋಸ್ ಗುಡ್ಡದ ಮೇಲೆ ಕವಿಗಳ ಗೊರ್ಸೆದ್ ಎಂಬ ‘ಪುರಾತನ’ ಸಭೆ ನಡೆಸಿದ. ಪುರಾತನವೇನಲ್ಲ, ಅವನೇ ಕಟ್ಟಿದ್ದು. ತಾನೇ ಬರೆದ ಕವಿತೆಗಳನ್ನು ಡಾವಿದ್ ಅಪ್ ಗ್ವಿಲಿಮನ ಹೆಸರಿನಲ್ಲಿ ಸೇರಿಸಿದ್ದು 20ನೇ ಶತಮಾನದಲ್ಲಷ್ಟೇ ಪತ್ತೆಯಾಯಿತು. ಆದರೂ ಅವನ ಸಭೆಯ ವಿಧಿಗಳೇ ಇಂದಿನ ಐಸ್ಟೆದ್‌ವೊಡ್‌ನಲ್ಲಿ ನಡೆಯುತ್ತವೆ, ಜಾಣ ಸುಳ್ಳಿಗೆ ಆಯಸ್ಸು ಜಾಸ್ತಿ.

ಆ ಸ್ಪರ್ಧೆಗೆ ಕವಿತೆ ಕಳಿಸುವವರು ಗುಪ್ತನಾಮ ಬರೆಯಬೇಕು. ತೀರ್ಪುಗಾರರಿಗೆ ಆಳು ಯಾರೆಂದು ತಿಳಿಯಬಾರದು. 1917ರ ಸೆಪ್ಟೆಂಬರ್ 6ರಂದು ಬರ್ಕನ್‌ಹೆಡ್‌ನಲ್ಲಿ, ಪ್ರಧಾನಿ ಲಾಯ್ಡ್ ಜಾರ್ಜ್ ಎದುರು, ಕುರ್ಚಿ ಗೆದ್ದ ‘ಫ್ಲೂರ್-ಡಿ-ಲಿ’ ಎದ್ದು ನಿಲ್ಲಲಿ ಎಂದು ಕರೆದರು. ಯಾರೂ ಏಳಲಿಲ್ಲ. ಆ ಗುಪ್ತನಾಮದ ಹಿಂದೆ ಇದ್ದವನು ಹೆದ್ ವಿನ್, ಟ್ರಾವ್ಸ್‌ವನಿದ್ ಊರಿನ ಅರ್ ಅಸ್ಗುರ್ನ್ ಎಂಬ ಹೊಲಮನೆಯ ಕುರುಬ. ಜುಲೈ 31ರಂದೇ ಫ್ಲಾಂಡರ್ಸ್‌ನ ಯುದ್ಧಭೂಮಿಯಲ್ಲಿ ಸತ್ತಿದ್ದ. ಕುರ್ಚಿಗೆ ಕರಿ ಬಟ್ಟೆ ಹೊದಿಸಿ ಊರಿಗೆ ಕಳಿಸಿದರು. ಅದನ್ನು ಕೆತ್ತಿದವನು ಬೆಲ್ಜಿಯಂನಿಂದ ಓಡಿಬಂದಿದ್ದ ನಿರಾಶ್ರಿತ.

ಬೆಲ್ಜಿಯಂನ ಆರ್ಟಿಲರಿ ವುಡ್ ಸ್ಮಶಾನದಲ್ಲಿ ಅವನ ಗೋರಿ ಹುಡುಕುವವರು ಹೆದ್ ವಿನ್ ಎಂದು ಕೇಳಿದರೆ ಸೈನ್ಯದ ಪಟ್ಟಿಯಲ್ಲಿ ಸಿಗುವುದಿಲ್ಲ. ಅಲ್ಲಿ ಅವನು ಇ. ಎಚ್. ಇವಾನ್ಸ್: ಎಲಿಸ್ ಹಂಫ್ರಿ ಇವಾನ್ಸ್, ಅಪ್ಪ ಇವಾನ್ ಇವಾನ್ಸ್. ಕಾವ್ಯನಾಮವನ್ನು, ಮುಂದೆ ‘ಮಹಾಕವಿ’ ಎಂಬ ಒಂದು ವೆಲ್ಷ್ ಪದ ಸೇರಿಸಿ, ಅದೇ ಕಲ್ಲಿನ ಕೆಳಭಾಗದಲ್ಲಿ ಕೆತ್ತಿದ್ದಾರೆ.